ಒಂದು ಚುಕ್ಕಿಯೂ ತಪ್ಪದಂತೆ ಕಾಯುವ ರಿಪೇರಿ ಅಕ್ಕ

ಬೆಳಗಿನ ಆರೂಕಾಲು. ಬ್ರೈಲ್ ಮುದ್ರಣಾಲಯದ ಹಿಂಬದಿ ಕೋಣೆಯಲ್ಲಿ ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹೊತ್ತಿಕೊಳ್ಳುತ್ತದೆ. ಕನ್ನಡಕವನ್ನು ಹಣೆಗೇರಿಸಿಕೊಂಡ ಹೆಂಗಸೊಬ್ಬರು ಯಂತ್ರದ ಬದಿಯ ತಗಡು ಬಿಚ್ಚಿ, ಸಾಲಾಗಿ ನಿಂತ ಆರು ಪುಟ್ಟ ಸುತ್ತಿಗೆಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಹೆಚ್ಚಿನ ಎಣ್ಣೆ ಒರೆಸುತ್ತಾರೆ. ಗುಂಡಿ ಅದುಮಿದ್ದೇ ತಡ, ದಪ್ಪ ಕಾಗದದ ಮೇಲೆ ಟಪಟಪನೆ ಚುಕ್ಕಿಗಳು ಏಳತೊಡಗುತ್ತವೆ. ಕಣ್ಣು ಕಾಣದ ಮಕ್ಕಳು ಬೆರಳಾಡಿಸಿ ಓದುವ ಪಠ್ಯಪುಸ್ತಕ ಅದು. ಸಂಜೆಯೊಳಗೆ ಎಂಟುನೂರು ಹಾಳೆ ಆಗಬೇಕು.

ಇಲ್ಲಿ ಎಲ್ಲರ ಬಾಯಲ್ಲೂ ಇವರು ರಿಪೇರಿ ಅಕ್ಕ. ವಯಸ್ಸು ಐವತ್ತೊಂದು. ಹತ್ತನೇ ತರಗತಿ ಮುಗಿಸಿ, ಎರಡು ವರ್ಷ ವೈರಿಂಗ್ ಕೆಲಸ ಕಲಿತವರು. ಗಂಡ ಬಸ್ ಓಡಿಸುತ್ತಾರೆ.

ಮೂರು ವರ್ಷದ ಹಿಂದೆ ಈ ಯಂತ್ರ ಇದ್ದಕ್ಕಿದ್ದಂತೆ ನಿಂತುಹೋಯಿತು. ಸುತ್ತಿಗೆಗಳಿಗೆ ಅಪ್ಪಣೆ ಕೊಡುತ್ತಿದ್ದ ಚಿಪ್ ಸುಟ್ಟುಹೋಗಿತ್ತು. ಅದನ್ನು ತಯಾರಿಸುತ್ತಿದ್ದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಶಾಲೆ ಶುರುವಾಗಲು ಎಂಟು ತಿಂಗಳಷ್ಟೇ ಬಾಕಿ. ಮ್ಯಾನೇಜರ್ ಬೇರೆ ದಾರಿ ಕಾಣದೆ ಗುಜರಿಯವನಿಗೆ ಫೋನ್ ಮಾಡಿದರು.

"ಎಂಟು ತಿಂಗಳು ಬಿಟ್ಟು ಗುಜರಿಗೆ ಹಾಕಿ ಸಾರ್, ಅಲ್ಲೀತನಕ ನನ್ನ ಹತ್ರ ಇರ್ಲಿ ಅಂದೆ. ಕೈಲಾಗುತ್ತೆ ಅಂತ ಗೊತ್ತಿದ್ದು ಹೇಳಿದ್ದಲ್ಲ. ಬಾಯಿಗೆ ಬಂತು, ಹೇಳ್ಬಿಟ್ಟೆ" ಎನ್ನುತ್ತಾರೆ ಅಕ್ಕ.

ಒಳಗಿನ ಜೋಡಣೆಯನ್ನು ನಮಗೆ ಬೇಕಾದಂತೆ ಮಾಡಿಕೊಳ್ಳಬಹುದಾದ ಚಿಪ್ ಸಿಗುತ್ತದೆಂದು ಬಿಡಿಭಾಗದ ಅಂಗಡಿಯವರು ತಿಳಿಸಿದರು. ಆದರೆ ಆ ಜೋಡಣೆಯನ್ನು ಬರೆದು ಹೇಳಬೇಕು. ಅದಕ್ಕೆಂದೇ ವೆರಿಲಾಗ್ ಎಂಬ ಭಾಷೆಯಿದೆ. ಅಕ್ಕನ ಇಂಗ್ಲಿಷ್ ಅಷ್ಟಕ್ಕಷ್ಟೆ. ತಂಗಿಯ ಮಗಳ ಹಳೇ ಲ್ಯಾಪ್‌ಟಾಪ್ ತಂದು, ಊಟದ ಬಿಡುವಿನಲ್ಲಿ ಪಾಠದ ವಿಡಿಯೊ ನೋಡುತ್ತಾ ಕೂತರು. ತಿಳಿಯದ ಪದಗಳನ್ನು ನೋಟುಬುಕ್ಕಿಗಿಳಿಸಿದರು. "ತಟ್ಟೆ ಮುಂದೆ ಕೂತ್ರೂ ಅದೇ ಜಪ. ಸಾರು ಕೇಳಿದ್ರೆ ಕ್ಲಾಕ್ ಅಂತಿದ್ಲು" ಎಂದು ಗಂಡ ಈಗಲೂ ರೇಗಿಸುತ್ತಾರೆ.

ಎರಡು ತಿಂಗಳು ಬರೆದದ್ದೆಲ್ಲ ನೀರುಪಾಲು. "ಒಂದು ಸಾಲು ಮುಗಿದ ಮೇಲೆ ಇನ್ನೊಂದು ನಡೆಯುತ್ತೆ ಅಂದ್ಕೊಂಡಿದ್ದೆ. ಇಲ್ಲಿ ಎಲ್ಲಾ ಒಟ್ಟಿಗೇ ನಡೆಯುತ್ತೆ. ಒಂದಿನ ತಲೆಗೆ ಹೊಳೀತು, ಇದು ತಂತಿ ಎಳೆಯೋ ಕೆಲಸ ಕಣ್ರೀ. ಕೈಯಲ್ಲಿ ಎಳೆಯೋ ಬದ್ಲು ಬರವಣಿಗೇಲಿ ಎಳೀಬೇಕು, ಅಷ್ಟೆ. ಅದು ನಂಗೆ ಗೊತ್ತಿತ್ತಲ್ಲ."

ಆರನೇ ತಿಂಗಳು ಯಂತ್ರಕ್ಕೆ ಮತ್ತೆ ಜೀವ ಬಂತು. ಮೊದಲ ಪುಸ್ತಕ ಕರಡು ತಿದ್ದುವವರ ಮೇಜಿಗೆ ಹೋಯಿತು. ಅಕ್ಕನ ಬಾಯಲ್ಲಿ ಅವರು ಅಣ್ಣ. ಅವರಿಗೂ ಕಣ್ಣು ಕಾಣದು. ಇನ್ನೂರ ಹನ್ನೊಂದನೇ ಹಾಳೆಯ ಮೇಲೆ ಅವರ ಬೆರಳು ನಿಂತಿತು. "ತಂಗಿ, ಇಲ್ಲೊಂದು ಚುಕ್ಕಿ ಬಿದ್ದಿಲ್ಲ."

"ಒಂದು ಚುಕ್ಕಿ ತಾನೆ, ಹೋಗ್ಲಿ ಬಿಡಿ" ಎಂದರು ಮ್ಯಾನೇಜರ್.

"ಚುಕ್ಕಿ ಹೋದ್ರೆ ಅಕ್ಷರಾನೇ ಬದಲಾಗುತ್ತೆ ಸಾರ್. ಗಣಿತದ ಪುಸ್ತಕ ಇದು. ಏಳು ಇದ್ದದ್ದು ನಾಲ್ಕಾಗಿದೆ" ಎಂದರು ಅಣ್ಣ.

ಅಕ್ಕ ಹಾಳೆ ಎತ್ತಿಕೊಂಡು ಹೋದರು. ಮುಂದಿನ ಐದು ವಾರ ಹುಡುಕಾಟ. ತಪ್ಪು ಎಲ್ಲೋ ನೂರಾರು ಹಾಳೆಗೊಮ್ಮೆ ಇಣುಕುತ್ತಿತ್ತು, ಅದೂ ಬೇರೆಬೇರೆ ಜಾಗದಲ್ಲಿ. ಕೊನೆಗೆ ಕಾರಣ ಸಿಕ್ಕಿತು. ಕಾಗದ ಸರಿದಿದೆ ಎಂದು ಹೊರಗಿನಿಂದ ಬರುವ ಸಂಕೇತ ಚಿಪ್‌ನ ಕೆಲಸಕ್ಕೆ ತಾಳ ಹಾಕುವ ಕ್ಲಾಕ್ ಎಂಬ ಗಡಿಯಾರಕ್ಕೆ ಹೊಂದದ ಗಳಿಗೆಯಲ್ಲಿ ಒಳನುಗ್ಗಿದರೆ, ಐದು ಸುತ್ತಿಗೆಗಳಿಗೆ ಸುದ್ದಿ ಮುಟ್ಟಿ ಒಂದಕ್ಕೆ ಮುಟ್ಟುತ್ತಿರಲಿಲ್ಲ. "ಬಂದವರನ್ನ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಸಿ ಒಳಗೆ ಕರೀಬೇಕಿತ್ತು. ಐದಾರು ಸಾಲು ಸೇರಿಸಿದೆ" ಎಂದು ವಿವರಿಸುತ್ತಾರೆ. ಆಮೇಲೆ ಮೂರು ಸಾವಿರ ಹಾಳೆಗಳನ್ನು ಅಣ್ಣ ಹನ್ನೊಂದು ದಿನ ಕೂತು ಬೆರಳಿಂದಲೇ ಪರೀಕ್ಷಿಸಿದರು. ಒಂದು ಚುಕ್ಕಿಯೂ ತಪ್ಪಿರಲಿಲ್ಲ.

ಶಾಲೆ ತೆರೆದ ದಿನ ಗಣಿತದ ಪುಸ್ತಕ ಮಕ್ಕಳ ಕೈಯಲ್ಲಿತ್ತು. ವಿಜ್ಞಾನದ್ದು ಹತ್ತು ದಿನ ತಡವಾಯಿತು. ಆ ಹತ್ತು ದಿನದ ಕೊರಗು ಅಕ್ಕನಿಗೆ ಇವತ್ತಿಗೂ ಹೋಗಿಲ್ಲ. ಇದೇ ಮಾದರಿಯ ಯಂತ್ರ ಕೆಟ್ಟು ಕೂತ ಇನ್ನೆರಡು ಮುದ್ರಣಾಲಯಗಳು ಇವರು ಬರೆದದ್ದನ್ನು ಕೇಳಿ ಪಡೆದಿವೆ.

ಇನ್ನೇನು ಆಸೆ ಎಂದರೆ ತುಸು ನಾಚಿಕೊಳ್ಳುತ್ತಾರೆ. "ಇಪ್ಪತ್ತೆರಡು ವರ್ಷದಿಂದ ಇದನ್ನ ಅಚ್ಚು ಹಾಕ್ತಿದೀನಿ. ಕಣ್ಣು ಮುಚ್ಕೊಂಡ್ರೆ ಒಂದಕ್ಷರ ಓದೋಕೆ ಬರಲ್ಲ. ಅಣ್ಣ ದಿನಾ ಕಾಲು ಗಂಟೆ ಹೇಳಿಕೊಡ್ತೀನಿ ಅಂದಿದಾರೆ. ಮೊನ್ನೆ ನಾಲ್ಕು ಪದ ಓದಿದೆ. ಮೂರು ಸರಿ ಇತ್ತು."