ತಳಕಿನ ರಸ್ತೆಯಲ್ಲಿ ಬ್ರೇಕ್ ಹಿಡಿಯದ ಆ ದಿನ

ಕಳೆದ ವರ್ಷ ರಂಜಾನ್ ಹಬ್ಬದ ಮರುದಿನ ನಡೆದದ್ದು ಇದು. ನಮ್ಮೂರು ಚಳ್ಳಕೆರೆ. ನನ್ನ ಗಂಡ ಇಮ್ರಾನ್ ಕಾರು ರಿಪೇರಿಯ ಗ್ಯಾರೇಜು ನಡೆಸುತ್ತಾರೆ. ಯಾರೋ ಓಡಿಸಿ ಬೇಸತ್ತು ಮೂಲೆಗೆ ನಿಲ್ಲಿಸಿದ್ದ ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದು, ಬಿಡುವಾದಾಗಲೆಲ್ಲ ಬಿಚ್ಚಿ ಜೋಡಿಸಿ, ಅದಕ್ಕೆ ಜೀವ ತುಂಬಿದ್ದರು. ಬಣ್ಣ ಆರಿಸಿದ್ದು ನಾನು.

ಇಂಥ ಕಾರಿನ ಎಂಜಿನ್ನನ್ನು ನಡೆಸುವುದು ಒಳಗಿರುವ ಪುಟ್ಟ ಕಂಪ್ಯೂಟರ್. ಅದರ ಪ್ರೋಗ್ರಾಮ್ ಬದಲಿಸಿದರೆ ಅದೇ ಎಂಜಿನ್ ಇನ್ನೂ ಜೋರಾಗಿ ಎಳೆಯುತ್ತದೆ. ಟ್ಯೂನಿಂಗ್ ಅನ್ನುತ್ತಾರೆ. ಇಮ್ರಾನ್‌ಗೆ ಆ ಕೆಲಸ ಬರುತ್ತಿರಲಿಲ್ಲ. ಹಾಗಾಗಿ ಹಬ್ಬಕ್ಕೆ ಮುಂಚೆ ಇಬ್ಬರೂ ಬೆಂಗಳೂರಿಗೆ ಹೋದೆವು.

ಮೊದಲ ಅಂಗಡಿಯವರು ಕಾರನ್ನು ತಾವೇ ಓಡಿಸಿ ನೋಡಿದರು. ಚಕ್ರ ಬಿಚ್ಚಿಸಿ ನಮಗೂ ತೋರಿಸಿದರು. “ಟ್ಯೂನಿಂಗ್ ಮಾಡಿಕೊಡ್ತೀನಿ. ಆದ್ರೆ ಆ ವೇಗಕ್ಕೆ ಈ ಬ್ರೇಕ್ ಸಾಲಲ್ಲ. ಮೊದಲು ಅದನ್ನ ಬದಲಾಯಿಸ್ಬೇಕು. ಸಾಮಾನು ಬರೋ ಹೊತ್ತಿಗೆ ಹಬ್ಬ ಕಳೆದಿರುತ್ತೆ” ಎಂದರು.

ಇಮ್ರಾನ್ ಮುಖ ಸಪ್ಪಗಾಯಿತು. ಹಬ್ಬಕ್ಕೆ ಮೊಳಕಾಲ್ಮೂರಿನ ನನ್ನ ತವರಿಗೆ ಆ ಕಾರಿನಲ್ಲೇ ಹೋಗಬೇಕೆಂಬುದು ಇಬ್ಬರ ಆಸೆಯಾಗಿತ್ತು. ಫೋನಿನಲ್ಲಿ ಹುಡುಕಿ ಇನ್ನೊಂದು ಅಂಗಡಿಗೆ ಹೋದೆವು. ಗಾಜಿನ ಬಾಗಿಲು, ಸೋಫಾ, ಗೋಡೆ ತುಂಬ ಕಾರುಗಳ ಫೋಟೊ. ನಾವು ಚಹಾ ಕುಡಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಕೆಲಸ ಮುಗಿಸಿಬಿಟ್ಟರು. ಬ್ರೇಕಿನ ಬಗ್ಗೆ ಕೇಳಿದರೆ, “ಎಲ್ಲಾ ಸೂಪರ್ ಆಗಿದೆ ಮೇಡಂ” ಎಂದರು. ಕಾರನ್ನು ಒಂದು ಸುತ್ತು ಓಡಿಸಿಯೂ ನೋಡಲಿಲ್ಲ. ನಾವು ಕೇಳಬೇಕೆಂದಿದ್ದ ಮಾತು ಅಲ್ಲಿ ಸಿಕ್ಕಿತು, ಅಷ್ಟೇ.

ಹಬ್ಬದ ಮರುದಿನ ಹೊರಟೆವು. ತಳಕು ದಾಟಿದ ಮೇಲೆ ರಸ್ತೆ ಖಾಲಿ. ಕಾಲು ಸೋಕಿದರೆ ಸಾಕು, ಕಾರು ಚಿಮ್ಮುತ್ತಿತ್ತು. ಜೋರು ಬಿಡುವುದು, ಬ್ರೇಕ್ ಒತ್ತುವುದು, ಮತ್ತೆ ಜೋರು ಬಿಡುವುದು. ಇಬ್ಬರೂ ಮಕ್ಕಳಂತೆ ನಗುತ್ತಿದ್ದೆವು. ಮುಂದಿನ ತಿರುವಿನಲ್ಲಿ ಕುರಿ ಹಿಂಡು ರಸ್ತೆ ದಾಟುತ್ತಿತ್ತು. ಅಷ್ಟರಲ್ಲಿ ಬ್ರೇಕ್ ಕಾದುಹೋಗಿತ್ತೇನೋ, ಎಷ್ಟು ಒತ್ತಿದರೂ ಹಿಡಿಯಲಿಲ್ಲ. “ಯಾ ಅಲ್ಲಾ!” ಎನ್ನುತ್ತಾ ಇಮ್ರಾನ್ ಸ್ಟೇರಿಂಗ್ ಎಳೆದರು. ಏನೋ ಬಡಿದ ಸದ್ದು. ಕಾರು ಹೊಲಕ್ಕೆ ಇಳಿದು ಬದುವಿಗೆ ಗುದ್ದಿ ನಿಂತಿತು.

ಕುರಿ ಕಾಯುತ್ತಿದ್ದ ಅಜ್ಜ ಓಡಿ ಬಂದರು. ಬೈಯುತ್ತಾರೆ, ಹೊಡೆದೇಬಿಡುತ್ತಾರೆ ಅಂದುಕೊಂಡೆ. ಅವರು ನನ್ನ ಬದಿಯ ಬಾಗಿಲು ತೆಗೆದು, “ಅವ್ವಾ, ಹಣೆಯಾಗೆ ರಗತ ಬರ್ತೈತೆ. ಇಳಿ, ನೆರಳಿಗೆ ಕೂತ್ಕ” ಎಂದರು. ನೀರು ಕುಡಿಸಿ, ತಮ್ಮ ಟವೆಲ್ಲನ್ನೇ ನನ್ನ ಹಣೆಗೆ ಬಿಗಿದು ಕಟ್ಟಿದರು. ಇಮ್ರಾನ್‌ರ ಮೈಕೈಯನ್ನೂ ಮುಟ್ಟಿ ನೋಡಿದರು. ಆಮೇಲಷ್ಟೇ ರಸ್ತೆಯ ಕಡೆ ತಿರುಗಿದರು.

ಅಂಚಿನಲ್ಲಿ ಕಪ್ಪು ನಾಯಿಯೊಂದು ಬಿದ್ದಿತ್ತು. ಹಿಂಡನ್ನು ಈಚೆಗೆ ತಿರುಗಿಸಲು ಅದು ಅಡ್ಡ ಬಂದಿತ್ತಂತೆ. ಅಜ್ಜ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, “ಕರಿಯಾ... ಲೇ ಕರಿಯಾ...” ಎಂದು ಕರೆದರು. ನಾಯಿ ಅಲುಗಲಿಲ್ಲ.

ಇಮ್ರಾನ್ ಅಳುತ್ತಾ, “ತಪ್ಪಾಯ್ತು ಅಜ್ಜಾರೆ. ಈಗ ಏನು ಮಾಡ್ಲಿ, ಹೇಳ್ರಿ” ಎಂದರು.

“ಏನು ಮಾಡ್ತೀಯಪ್ಪ? ಬಾ, ಒಂದು ಕೈ ಹಿಡಿ. ಮಣ್ಣು ಮಾಡಾನ.”

ಬೇವಿನ ಮರದ ಕೆಳಗೆ ಇಬ್ಬರೂ ಗುಂಡಿ ತೋಡಿದರು. ಮಣ್ಣು ಮುಚ್ಚಿದ ಮೇಲೆ ಅಜ್ಜ, “ನೀವು ಉಳಕಂಡ್ರಲ್ಲ, ಬಿಡು” ಎಂದರು. ಕುರಿಗಳು ಚೆದುರುತ್ತಿದ್ದವು. ತಿರುಗಿಸಲು ನಾಯಿ ಇಲ್ಲದೆ, ಆ ವಯಸ್ಸಿನಲ್ಲಿ ತಾವೇ ಅವುಗಳ ಹಿಂದೆ ಓಡಿದರು.

ಎರಡು ವಾರದ ಮೇಲೆ ಮರಿನಾಯಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆವು. ಹಿಂಡು ಮೇವು ಹುಡುಕಿಕೊಂಡು ಅಲ್ಲಿಂದ ಹೊರಟುಹೋಗಿತ್ತು. ಸುತ್ತಲಿನ ಹಟ್ಟಿಗಳಲ್ಲಿ ವಿಚಾರಿಸಿದೆವು. “ಯಾವ ಅಜ್ಜ? ಹೆಸರೇನು?” ಎಂದರು. ಅಂದು ನಮಗೆ ಅವರ ಹೆಸರು ಕೇಳಬೇಕೆಂದೇ ಹೊಳೆದಿರಲಿಲ್ಲ. ಗೊತ್ತಿದ್ದದ್ದು ನಾಯಿಯ ಹೆಸರೊಂದೇ.