ಅಜಾನ್ ಕೇಳಿಸದ ಶೆಡ್ಡಿನಲ್ಲಿ

ಫುಪ್ಪುವಿನ ಮುಂಗೈಗಳು ಯಾವಾಗಲೂ ಒದ್ದೆ. ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು, ನಮಾಜಿಗೆಂದು ಮುಖ ತೊಳೆದ ನೀರು ಮುಂಗೂದಲಿನಿಂದ ತೊಟ್ಟಿಕ್ಕುತ್ತಿರುವಾಗಲೇ ಮುಂದಿನ ಕೆಲಸಕ್ಕೆ ಓಡುತ್ತಿದ್ದರು. ಅವರು ನನ್ನ ತಂದೆಯ ಅಕ್ಕ. ಹರದನಹಳ್ಳಿ ಕಡೆ ಸಂಸಾರ ಮಾಡಿ, ಗಂಡ ತೀರಿದ ಮೇಲೆ ಹೊಳೆನರಸೀಪುರದ ನಮ್ಮ ಮನೆಗೆ ಬಂದಿದ್ದರು. ಮನೆಮಾತು ಉರ್ದುವಾದರೂ ಸಿಟ್ಟು, ಮುದ್ದು ಎರಡೂ ಅವರಿಗೆ ಹಳ್ಳಿಗನ್ನಡದಲ್ಲೇ ಬರುತ್ತಿದ್ದವು. ಒಂದು ಗಳಿಗೆ ಕೂರಿ ಎಂದರೆ, "ಕುಂತ್ರೆ ಯೋಚ್ನೆ ತಿಂದಾಕ್ತದೆ" ಎನ್ನುತ್ತಿದ್ದರು.

ನನಗೆ ಏಳು ವರ್ಷ, ತಮ್ಮನಿಗೆ ಐದು. ಊರಿಗೆ ಪ್ಲೇಗು ಬಂತು. ಅಮ್ಮಿಗೆ ಜ್ವರ ಏರಿ, ಅಬ್ಬಾ ಹಾಸನದ ಆಸ್ಪತ್ರೆಗೆ ಕರೆದೊಯ್ದರು. ಉಳಿದವರಂತೆ ನಾವೂ ಊರಾಚೆಯ ಹೊಲದಲ್ಲಿ ತೆಂಗಿನಗರಿಯ ಶೆಡ್ಡು ಸೇರಿದೆವು. ಮಸೀದಿಯ ಅಜಾನ್ ಅಲ್ಲಿಗೆ ಕೇಳಿಸುತ್ತಿರಲಿಲ್ಲ. ಫುಪ್ಪುವಿಗೆ ಅದೊಂದು ಚಡಪಡಿಕೆ. ಹೊರಬಂದು ಹೊತ್ತು ತಿಳಿಯಲು ನೆರಳು ನೋಡುವರು, ಒಳಹೋಗುವರು, ಮತ್ತೆ ಬಂದು ಹಾಸನದ ರಸ್ತೆಯತ್ತ ಕಣ್ಣು ಹಾಯಿಸುವರು. ಕೊನೆಗೆ ಪಕ್ಕದ ಶೆಡ್ಡಿನ ಗೌಡತಿಯೇ, "ನಸುಕಲ್ಲಿ ಎಮ್ಮೆ ಆಲು ಕರಿಯಾಕೆ ಎದ್ದಾಗ ಕೂಗ್ತೀನಿ ಬುಡವ್ವ" ಎಂದರು.

ಆ ಕೂಗಿಗೆ ನಾವು ಏಳಬೇಕು. ಕೈ, ಮುಖ, ಕಾಲು ತೊಳೆದು ವಜೂ ಮಾಡಿ ಫುಪ್ಪುವಿನ ಪಕ್ಕ ನಮಾಜಿಗೆ ನಿಲ್ಲಬೇಕು. ಮುದ್ದೆ ಮುರಿಯುವ ಮುನ್ನ ಬಿಸ್ಮಿಲ್ಲಾ ಹೇಳಬೇಕು. ಹಗಲಲ್ಲಿ ಕುರಾನಿನ ಒಂದು ಸಣ್ಣ ಸೂರಾ ಬಾಯಿಪಾಠ. ರಾಗಿ ಕೇರುತ್ತಲೇ ಅವರು ತಪ್ಪು ತಿದ್ದುತ್ತಿದ್ದರು. ಮಲಗುವ ಮುನ್ನ ಅಮ್ಮಿ ವಾಸಿಯಾಗಿ ಬರಲೆಂದು ಅಲ್ಲಾಹನಲ್ಲಿ ದುಆ. ತಮ್ಮ ಮಾತ್ರ ಒಪ್ಪಲಿಲ್ಲ. ಅಮ್ಮಿ ಬಂದ ಮೇಲೇ ನಮಾಜು ಎಂದು ಗೋಣಿಚೀಲದಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದ. ಫುಪ್ಪು ಹೊಡೆಯಲಿಲ್ಲ. ಚಾಪೆಯ ಮೇಲೆ ಅವನ ಜಾಗ ಬಿಟ್ಟು ನಿಲ್ಲುತ್ತಿದ್ದರು.

ಒಂದು ಮಧ್ಯಾಹ್ನ ಅಬ್ಬಾ ಒಬ್ಬರೇ ಗಾಡಿಯಿಂದ ಇಳಿದರು. ಶೆಡ್ಡಿನವರೆಗೂ ಬರಲಾರದೆ ಹೊಲದ ಬದುವಿನ ಮೇಲೆ ಕೂತುಬಿಟ್ಟರು. ಫುಪ್ಪು ಓಡಿಹೋಗಿ ಮಾತಾಡಿಸಿ ಬಂದರು. ಅಮ್ಮಿಯನ್ನು ಹಾಸನದಲ್ಲೇ ಮಣ್ಣು ಮಾಡಿದ್ದಾಯಿತೆಂದು ನಮಗೆ ಹೇಳಿದವರು ಅವರೇ. ನಮ್ಮ ಅಳು ನಿಲ್ಲುವ ಮೊದಲೇ ಬಿಂದಿಗೆ ತಂದಿಟ್ಟು, ಇಳಿಹೊತ್ತಿನ ಅಸರ್ ನಮಾಜಿಗೆ ಹೊತ್ತಾಯಿತು ಎಂದರು. ನನಗೆ ಮೈಯೆಲ್ಲ ಉರಿಯಿತು.

"ದಿನಾ ಕೇಳ್ಕೊಂಡ್ವಲ್ಲ ಫುಪ್ಪು, ಅಲ್ಲಾ ಯಾಕೆ ಕೊಡ್ಲಿಲ್ಲ?"

ಅವರು ಬಿಂದಿಗೆಯ ಪಕ್ಕ ನೆಲಕ್ಕೆ ಕುಸಿದು ಕೂತರು. "ನಂಗೂ ಗೊತ್ತಿಲ್ಲ ಕಣವ್ವ. ಯಾಕೆ ಅಂತ ಅವನ್ನೇ ಕೇಳಾಣ ಬಾ. ಮುಖ ತೊಳ್ಕೊ."

ತೊಳೆದುಕೊಂಡೆ. ನಾವು ಚಾಪೆಯ ಮೇಲೆ ನಿಂತಾಗ ತಮ್ಮ ತಾನಾಗಿ ಎದ್ದುಬಂದು ಖಾಲಿ ಜಾಗದಲ್ಲಿ ನಿಂತ. ಸಜ್ದಾಕ್ಕೆ ಬಾಗಿದ ಫುಪ್ಪು ಬಹಳ ಹೊತ್ತು ಹಣೆ ಎತ್ತಲಿಲ್ಲ.

ಊರೊಳಗಿನ ಮನೆಗೆ ಮರಳಿದ ಮೇಲೂ ಆ ಕ್ರಮ ತಪ್ಪಲಿಲ್ಲ. ಮಹಾಯುದ್ಧ ಮುಗಿದ ಮರುವರ್ಷ ನನ್ನನ್ನು ಅರಕಲಗೂಡಿಗೆ ಕೊಟ್ಟರು. ಅದೇ ಮಳೆಗಾಲದಲ್ಲಿ ಫುಪ್ಪು ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ದಫನ್ ಮುಗಿದಿತ್ತು. ಅಂದು ನಾನು ಕೇಳಿದ್ದಕ್ಕೆ ಉತ್ತರ ಇಂದಿಗೂ ಸಿಕ್ಕಿಲ್ಲ. ಅಲ್ಲಾಹನ ಮೇಲೆ ಮುನಿಸಿದ್ದ ದಿನವೂ ಅವನ ಮುಂದೆ ಹೋಗಿ ನಿಲ್ಲಬಹುದೆಂದು ಕಲಿಸಿದವರು ಫುಪ್ಪು. ನನ್ನ ಮಕ್ಕಳಿಗೆ ನಾನು ಕೊಟ್ಟದ್ದೂ ಅಷ್ಟೇ.