ಹುಣಸೆಹಣ್ಣು ಹಾಕಿ ತಿಕ್ಕಿದ ರೋಮನ್ ಪದಕ

ಫೋನಿಗೆ ಬಂದ ಆ ಚಿತ್ರ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ಹಳೇ ಬೆಳ್ಳಿ ರೂಪಾಯಿಗಿಂತ ದೊಡ್ಡದಾದ, ದಪ್ಪನೆಯ ಕಂಚಿನ ಬಿಲ್ಲೆ. ಮೈತುಂಬ ಹಸಿರು ಕಿಲುಬು. ಒಂದು ಬದಿಗೆ ಗಡ್ಡದ ಗಂಡಸಿನ ಪಕ್ಕಮುಖ, ಸುತ್ತ ಲ್ಯಾಟಿನ್ ಅಕ್ಷರ. ರೋಮಿನ ಚಕ್ರವರ್ತಿಗಳು ಬೇಕಾದವರಿಗೆ ಉಡುಗೊರೆ ಕೊಡೋಕೆ ಮಾಡಿಸುತ್ತಿದ್ದ ಪದಕ ಇದೇ ಇರಬಹುದಾ ಅಂತ ಎದೆ ಡವಡವ ಅನ್ನತೊಡಗಿತು. ಕಳಿಸಿದವನು ಹೊಸನಗರದ ಜೈನರ ಮನೆಯ ನನ್ನ ಗೆಳೆಯ. ಸಾಗರದ ಹೈಸ್ಕೂಲಿನಲ್ಲಿ ನಾನು ಚರಿತ್ರೆ, ಅವನು ಗಣಿತ ಪಾಠ ಮಾಡಿದವರು. ಮೆಣಸಿನ ವ್ಯಾಪಾರ ಮಾಡುತ್ತಿದ್ದ ಅವನ ಹಿರಿಯರ ಪೆಟ್ಟಿಗೆಯಲ್ಲಿ ಸಿಕ್ಕಿತ್ತಂತೆ. "ನಾಳೆ ಬರ್ತೀನಿ, ತೆಗೆದಿಡು" ಅಂದೆ. ಅಷ್ಟೇ ಹೇಳಿ ಫೋನಿಟ್ಟದ್ದು ನನ್ನ ತಪ್ಪು.

ಖುಷಿಯ ಜೊತೆ ಹೆದರಿಕೆಯೂ ಇತ್ತು ಅನ್ನಿ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿಯಲ್ಲಿ ಇಂಥದ್ದೇ ಒಂದನ್ನು ನೋಡಿ, ರೋಮನ್ನೇ ಸೈ ಅಂತ ನಾಲ್ಕು ಜನರೆದುರು ಎದೆ ತಟ್ಟಿ ಹೇಳಿದ್ದೆ. ಮೈಸೂರಿನ ನಾಣ್ಯತಜ್ಞರೊಬ್ಬರು ಫೋಟೋ ನೋಡಿ, "ಅಂಚು ನೋಡಿದ್ರಾ ಮೇಷ್ಟ್ರೇ?" ಅಂತ ಒಂದೇ ಮಾತು ಕೇಳಿದರು. ಅಂಚಿನಲ್ಲಿ ಎರಕದ ಗೆರೆ ಎದ್ದು ಕಾಣುತ್ತಿತ್ತು. ಅಸಲಿ ಪದಕಕ್ಕೆ ಮುದ್ರೆ ಒತ್ತಿರುತ್ತಾರೆ, ಇದು ಲೋಹ ಕರಗಿಸಿ ಅಚ್ಚಿಗೆ ಸುರಿದು ಮಾಡಿದ ನಕಲು. ನನ್ನ ಮಾನ ಮೂರು ಕಾಸಿಗೆ ಹೋಯಿತು. ಅವರ ಬಾಯಲ್ಲೇ ಒಮ್ಮೆ "ಸರಿಯಾಗಿ ಗುರುತಿಸಿದ್ರಿ" ಅನ್ನಿಸಿಕೊಳ್ಳಬೇಕು ಅನ್ನೋ ಹಟ ಅವತ್ತಿನಿಂದ ನನಗೆ.

ಮೊದಲ ಬಸ್ಸಿಗೇ ಹೊಸನಗರಕ್ಕೆ ಹೋದೆ. ಗೆಳೆಯನ ತಾಯಿ ತಟ್ಟೆಯಲ್ಲಿ ಬಿಲ್ಲೆ ಇಟ್ಟುಕೊಂಡು ಬಂದರು. ನನ್ನ ಜೀವ ಬಾಯಿಗೆ ಬಂತು. ಪೂಜೆಯ ಚೊಂಬಿನ ಹಾಗೆ ಅದು ಫಳಫಳ ಹೊಳೆಯುತ್ತಿತ್ತು.

"ನೀವು ನೋಡೋಕೆ ಬರ್ತೀರಿ ಅಂದ. ಕಿಲುಬು ಹಿಡಿದದ್ದನ್ನ ಹ್ಯಾಗೆ ಕೈಗೆ ಕೊಡೋದು ಮೇಷ್ಟ್ರೇ? ಹುಣಸೆಹಣ್ಣು, ಬೂದಿ ಹಾಕಿ ಎರಡು ಸಲ ತಿಕ್ಕಿದೆ" ಅಂದರು ಆ ಅಮ್ಮ.

ಆ ಕಿಲುಬೇ ಅದರ ವಯಸ್ಸಿಗೆ ಸಾಕ್ಷಿ. ಸಿಟ್ಟು ನೆತ್ತಿಗೇರಿತು. ಗೆಳೆಯನನ್ನು ದುರುಗುಟ್ಟಿ ನೋಡಿದೆ, ಅವನು ಕ್ಯಾಲೆಂಡರ್ ಓದುತ್ತಾ ನಿಂತ. ಆದರೆ ಅಮ್ಮ ಬೆರಳ ಸಂದಿಯಲ್ಲಿನ್ನೂ ಬೂದಿ ಇಟ್ಟುಕೊಂಡು ನಗುತ್ತಿದ್ದರು. ಅವರನ್ನು ಬೈಯೋಕೆ ನಾನೇನು ಮನುಷ್ಯನಲ್ಲವಾ? ಭೂತಗನ್ನಡಿ ತೆಗೆದೆ.

ಅಂಚು ಮೊದಲು ನೋಡಿದೆ. ಗೆರೆ ಇಲ್ಲ. ಎರಕದ ಸಣ್ಣ ತೂತುಗಳೂ ಇಲ್ಲ. ಬೆಳಕಿಗೆ ಹಿಡಿದು ತಿರುಗಿಸಿದೆ: ನಡುವೆ ಕೆಂಪು, ಸುತ್ತ ಹಳದಿ! ತಾಮ್ರದ ಬಿಲ್ಲೆಗೆ ಹಿತ್ತಾಳೆಯ ಬಳೆ ಕೂರಿಸಿ, ಆಮೇಲೆ ಮುದ್ರೆ ಒತ್ತಿದ್ದರು. ಅಕ್ಷರಗಳು ಎರಡೂ ಲೋಹದ ಮೇಲೆ ತುಂಡಾಗದೆ ಹಾದುಹೋಗಿದ್ದವು. ರೋಮಿನವರು ವಿಶೇಷ ಪದಕಗಳನ್ನು ಮಾಡುತ್ತಿದ್ದದ್ದು ಹೀಗೇ. ಕುಣಿಯೋದೊಂದು ಬಾಕಿ ನನಗೆ.

ಅಲ್ಲಿಂದಲೇ ಮೈಸೂರಿನ ಆ ನಾಣ್ಯತಜ್ಞರಿಗೆ ವಿಡಿಯೋ ಕಾಲ್ ಮಾಡಿದೆ. ಬಿಲ್ಲೆಯನ್ನು ಹತ್ತಿರ ಹಿಡೀರಿ, ಓರೆ ಮಾಡಿ ಅಂತ ಸತಾಯಿಸಿದರು. ಕೊನೆಗೆ, "ಕೈಯಲ್ಲಿ ಹಿಡಿದು ನೋಡಬೇಕು, ಆದ್ರೂ ಅಸಲೀನೇ ಅನ್ನಿಸುತ್ತೆ. ಸರಿಯಾಗಿ ಗುರುತಿಸಿದ್ರಿ" ಅಂದರು. ಆಹಾ, ಆ ಮಾತು ಕೇಳಿ ನನ್ನ ಕಣ್ಣು ತುಂಬಿತು.

ಅಷ್ಟರಲ್ಲಿ ಅವರ ದನಿ ಬಿರುಸಾಯಿತು. "ಅಲ್ಲ, ಇದನ್ನ ಹೀಗೆ ತಿಕ್ಕಿ ಹಾಳು ಮಾಡಿದ ಬುದ್ಧಿಗೇಡಿ ಯಾರ್ರೀ?"

ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. ಅಮ್ಮನ ಮುಖ ಸಣ್ಣದಾಯಿತು. ಕೈ ಎರಡನ್ನೂ ಸೆರಗಿನೊಳಗೆ ಎಳೆದುಕೊಂಡರು.

"ನಾನೇ ಸಾರ್" ಅಂದೆ.